ಹಳ್ಳಿ ಆಸ್ಪತ್ರೆಯಲ್ಲಿ ಇಎಂಆರ್: ನೋಂದಣಿ ಕೌಂಟರಿನಿಂದ ಬ್ಯಾಕಪ್‌ವರೆಗೆ

ಹಗಲು ಪಾಳಿಯಲ್ಲಿ ತಪಾಸಣೆ ಮಾಡಿಸಿಕೊಂಡು ಹೋದ ತುಂಬು ಗರ್ಭಿಣಿ, ರಾತ್ರಿ ಎರಡು ಗಂಟೆಗೆ ನೋವು ಕಾಣಿಸಿಕೊಂಡು ಮತ್ತೆ ಬರುತ್ತಾರೆ. ಹಗಲು ನೋಡಿದ ನರ್ಸ್ ಮನೆಗೆ ಹೋಗಿಯಾಗಿದೆ. ರಾತ್ರಿ ಡ್ಯೂಟಿಯವರಿಗೆ ಆ ಗಳಿಗೆಯಲ್ಲಿ ಬೇಕಾಗುವುದು ನಾಲ್ಕೇ ಸಂಗತಿ: ರಕ್ತದ ಗುಂಪು, ಹಿಮೋಗ್ಲೋಬಿನ್, ಮಧ್ಯಾಹ್ನದ ಬಿಪಿ, ಯಾವ ಔಷಧಿ ಆಗಿಬರುವುದಿಲ್ಲ ಎಂಬುದು. ಇವು ಅರ್ಧ ನಿಮಿಷದಲ್ಲಿ ಪರದೆಯ ಮೇಲೆ ಸಿಗಬೇಕು. ಎಲೆಕ್ಟ್ರಾನಿಕ್ ವೈದ್ಯಕೀಯ ದಾಖಲೆ, ಅಂದರೆ ಇಎಂಆರ್, ಇರುವುದು ಇದಕ್ಕೇ. ಮೇಲಿನ ಕಚೇರಿಗೆ ಹೋಗುವ ತಿಂಗಳ ವರದಿ ಆಮೇಲಿನ ಮಾತು. ಮುಂದಿನ ಪಾಳಿಯವರು ಓದಲಿ ಎಂದು, ರೋಗಿ ಎದುರಿಗಿರುವಾಗಲೇ ಬರೆದ ದಾಖಲೆ ಕೆಲಸಕ್ಕೆ ಬರುತ್ತದೆ. "ಸಂಜೆ ತುಂಬಿದರಾಯಿತು" ಎಂದು ಬಿಟ್ಟದ್ದು ಅರ್ಧಂಬರ್ಧ ನೆನಪಿನ ಮೇಲೆ ಬರೆದದ್ದಾಗುತ್ತದೆ.

ಕರೆಂಟು, ಇಂಟರ್ನೆಟ್ ಎರಡೂ ಕೈಕೊಡುವ ಜಾಗದಲ್ಲಿ ಇದೆಲ್ಲ ಆಗುವ ಮಾತೇ ಎಂಬ ಅನುಮಾನ ಬೇಡ. ಕೀನ್ಯಾದ ಮೊಸೊರಿಯಟ್ ಗ್ರಾಮೀಣ ಆರೋಗ್ಯ ಕೇಂದ್ರದಲ್ಲಿ 2001ರಲ್ಲೇ ಕಂಪ್ಯೂಟರ್ ದಾಖಲೆ ಶುರುವಾಗಿತ್ತು. ಆ ಅನುಭವದ ಬೆನ್ನಿಗೇ 2004ರಲ್ಲಿ ಹುಟ್ಟಿದ ಓಪನ್‌ಎಂಆರ್‌ಎಸ್ ಎಂಬ ಮುಕ್ತ ತಂತ್ರಾಂಶ ಇಂದು ಹಲವು ದೇಶಗಳ ಸಣ್ಣ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. ನಿಮ್ಮಲ್ಲಿ ಯಾವ ತಂತ್ರಾಂಶವೇ ಇರಲಿ, ಎಡವುವ ಜಾಗಗಳು ಹೆಚ್ಚುಕಡಿಮೆ ಇವೇ.

1. ಮೊದಲು ಕರೆಂಟು, ಆಮೇಲೆ ಗಡಿಯಾರ

ಇಂಟರ್ನೆಟ್ ಹೋದರೆ ಕೆಲಸವೇ ನಿಲ್ಲುವಂಥ ಏರ್ಪಾಡು ಹಳ್ಳಿ ಆಸ್ಪತ್ರೆಗೆ ಸರಿಹೊಂದುವುದಿಲ್ಲ. ಸರ್ವರ್ ಆಸ್ಪತ್ರೆಯೊಳಗೇ ಇರಲಿ. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ಸುಮಾರು 20 ವ್ಯಾಟ್ ಎಳೆಯುವ ಒಂದು ಮಿನಿ ಕಂಪ್ಯೂಟರ್ ಸಾಕು. ಜೊತೆಗೆ ಎರಡು ಲ್ಯಾಪ್‌ಟಾಪ್‌ಗೆ 80 ವ್ಯಾಟ್, ರೂಟರ್ ಮತ್ತು ಸ್ವಿಚ್‌ಗೆ 15 ವ್ಯಾಟ್ ಹಿಡಿಯಿರಿ. ಒಟ್ಟು 115. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇರುತ್ತದೆ. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದು ಬೇಗ ಸಾಯುತ್ತದೆ. ಹಾಗಾಗಿ ಬಳಸಲು ಸಿಗುವುದು 900. ಇನ್ವರ್ಟರಿನಲ್ಲಿ ಸೋರಿಹೋಗುವುದನ್ನು ಕಳೆದರೆ ಸುಮಾರು 765. ಅಂದರೆ ಹೊಸ ಬ್ಯಾಟರಿ ಆರೂವರೆ ಗಂಟೆ ದುಡಿಯುತ್ತದೆ. ಹಳೆಯದಾದಂತೆ ಇದು ಇಳಿಯುತ್ತಲೇ ಹೋಗುತ್ತದೆ, ಆದ್ದರಿಂದ ಆರು ತಿಂಗಳಿಗೊಮ್ಮೆ ಮೇನ್ಸ್ ಆಫ್ ಮಾಡಿ ನಿಜಕ್ಕೂ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಡಿಯಾರ ಹಿಡಿದು ನೋಡಿ.

ಇನ್ವರ್ಟರ್ ಇದ್ದರೂ ಸರ್ವರಿಗೆ ಪ್ರತ್ಯೇಕವಾಗಿ ಒಂದು ಸಣ್ಣ ಯುಪಿಎಸ್ ಬೇಕೇ ಬೇಕು. ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಆ ಕ್ಷಣಾರ್ಧದಲ್ಲಿ ಕಂಪ್ಯೂಟರ್ ಆರಿ ಹತ್ತಿಕೊಳ್ಳಬಹುದು. ಬರೆಯುತ್ತಿದ್ದ ಡೇಟಾಬೇಸ್ ಅರ್ಧಕ್ಕೇ ಮುರಿದುಬೀಳುವುದು ಹೀಗೆ. ಲೇಸರ್ ಪ್ರಿಂಟರನ್ನು ಮಾತ್ರ ಈ ಸಾಲಿಗೆ ಸಿಕ್ಕಿಸಬೇಡಿ. ಪ್ರಿಂಟ್ ಶುರುವಾದಾಗ ಅದು ಒಮ್ಮೆಲೇ ನೂರಾರು ವ್ಯಾಟ್ ಎಳೆದು ಎಲ್ಲವನ್ನೂ ಆರಿಸುತ್ತದೆ.

ಇನ್ನು ಗಡಿಯಾರ. ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ಸಿಆರ್2032 ಎಂಬ ನಾಣ್ಯದಂಥ 3 ವೋಲ್ಟಿನ ಸೆಲ್ ಇರುತ್ತದೆ. ಅದು ಸತ್ತಿದ್ದರೆ ಪ್ರತಿ ಸಲ ಕರೆಂಟು ಪೂರ್ತಿ ಹೋದಾಗಲೂ ಯಂತ್ರದ ದಿನಾಂಕ ವರ್ಷಗಳಷ್ಟು ಹಿಂದಕ್ಕೆ ಜಾರುತ್ತದೆ. ಇಂಟರ್ನೆಟ್ ಇಲ್ಲದಿದ್ದರೆ ತಾನಾಗಿ ಸರಿಹೋಗುವುದೂ ಇಲ್ಲ. ಆಗ ಇವತ್ತು ಬರೆದ ಭೇಟಿ ರೋಗಿಯ ಇತಿಹಾಸದಲ್ಲಿ ಎಲ್ಲಕ್ಕಿಂತ ಕೆಳಗೆ, ಹತ್ತು ವರ್ಷದ ಹಿಂದಿನ ಭೇಟಿಯಂತೆ ಕೂತಿರುತ್ತದೆ. ರಾತ್ರಿ ಡ್ಯೂಟಿಯವರು ಮೇಲಿನದನ್ನಷ್ಟೇ ನೋಡಿ ಹಳೆಯ ಬಿಪಿಯನ್ನೇ ಇವತ್ತಿನದೆಂದು ನಂಬುತ್ತಾರೆ. ಬೆಳಿಗ್ಗೆ ಕೌಂಟರ್ ತೆರೆಯುವ ಮುನ್ನ ಪರದೆಯ ದಿನಾಂಕ, ಸಮಯವನ್ನು ಮೊಬೈಲಿನದರ ಜೊತೆ ಹೋಲಿಸಿ. ಐದು ಸೆಕೆಂಡಿನ ಕೆಲಸ.

2. ಹೊಸ ಫೈಲ್ ತೆರೆಯುವ ಮುಂಚೆ ಹುಡುಕಿ

ನೋಂದಣಿಯಲ್ಲಿ ಆದ ತಪ್ಪು ಕೊನೆಯವರೆಗೂ ಹಿಂಬಾಲಿಸುತ್ತದೆ. ಒಬ್ಬರಿಗೇ ಎರಡು ಫೈಲ್ ಆದರೆ ಪೆನಿಸಿಲಿನ್ ಅಲರ್ಜಿ ಒಂದರಲ್ಲಿ ಉಳಿದು, ಇಂಜೆಕ್ಷನ್ ಬರೆಯುವವರು ಇನ್ನೊಂದನ್ನು ತೆರೆದಿರುತ್ತಾರೆ. ಹಾಗಾಗಿ ಹುಡುಕುವುದಕ್ಕೆ ಒಂದು ಕ್ರಮ ಇರಲಿ: ಮೊದಲು ಕಾರ್ಡಿನ ಸಂಖ್ಯೆ, ಅದಿಲ್ಲದಿದ್ದರೆ ಫೋನ್ ನಂಬರ್, ಅದೂ ಸಿಗದಿದ್ದರೆ ಹೆಸರಿನ ಮೊದಲ ಮೂರು ಅಕ್ಷರ ಮತ್ತು ಊರು. ವಯಸ್ಸಿಗೆ ಆಚೀಚೆ ಐದು ವರ್ಷ ಬಿಟ್ಟುಕೊಳ್ಳಿ. ಮೂರೂ ಸೋತ ಮೇಲಷ್ಟೇ ಹೊಸ ಫೈಲ್.

ಹೆಸರಿನ ಕಾಗುಣಿತ ಇಲ್ಲಿ ದೊಡ್ಡ ತಲೆಬಿಸಿ. ಲಕ್ಷ್ಮಿ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಎಕ್ಸ್ ಹಾಕಿ ಬರೆದರೆ ಇನ್ನೊಬ್ಬರು ಕೆ-ಎಸ್-ಎಚ್ ಹಾಕುತ್ತಾರೆ; ಕೊನೆಗೆ ಐ ಕೆಲವರಿಗೆ, ಡಬಲ್ ಇ ಕೆಲವರಿಗೆ. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಜನ. ಉಚ್ಚಾರಣೆಯ ಮೇಲೆ ಹುಡುಕುವ ಸೌಲಭ್ಯ ತಂತ್ರಾಂಶದಲ್ಲಿದ್ದರೆ ಅದನ್ನು ಆನ್ ಮಾಡಿಸಿ. ಇಲ್ಲದಿದ್ದರೆ ಸಾಮಾನ್ಯವಾಗಿ ಬರುವ ಐವತ್ತು ಹೆಸರುಗಳನ್ನು ಹೇಗೆ ಬರೆಯಬೇಕೆಂದು ಒಂದು ಹಾಳೆ ಮಾಡಿ ಕೌಂಟರಿನ ಗೋಡೆಗೆ ಅಂಟಿಸಿ. ಎಲ್ಲರೂ ಅದರಂತೆಯೇ ಬರೆಯಲಿ.

ಹುಟ್ಟಿದ ದಿನಾಂಕ ಗೊತ್ತಿಲ್ಲದವರಿಗೆ ವಯಸ್ಸು ಹಾಕಿ "ಅಂದಾಜು" ಎಂಬ ಗುರುತು ಒತ್ತಿ. ನೀವೇ ಜನವರಿ 1 ಎಂದು ತುಂಬಿದರೆ ನೂರಾರು ಜನ ಒಂದೇ ದಿನ ಹುಟ್ಟಿದವರಾಗುತ್ತಾರೆ, ಇಬ್ಬರನ್ನು ಬೇರೆ ಮಾಡಿ ನೋಡುವ ದಾರಿ ಮುಚ್ಚುತ್ತದೆ. ಐದು ವರ್ಷದೊಳಗಿನ ಮಕ್ಕಳಿಗಂತೂ ತಿಂಗಳ ಲೆಕ್ಕ ಬೇಕೇ ಬೇಕು. ಲಸಿಕೆ, ಬೆಳವಣಿಗೆ ಎರಡೂ ಅದರ ಮೇಲೇ ನಿಂತಿವೆ.

ರೋಗಿಯ ಸಂಖ್ಯೆಯಲ್ಲಿ ಕೊನೆಗೊಂದು ತಾಳೆ ಅಕ್ಷರ, ಅಂದರೆ ಅದರ ಹಿಂದಿನ ಅಂಕಿ-ಅಕ್ಷರಗಳಿಂದಲೇ ಲೆಕ್ಕ ಹಾಕಿ ಪಡೆದ ಅಕ್ಷರ, ಇರಬೇಕು. ಓಪನ್‌ಎಂಆರ್‌ಎಸ್‌ನಲ್ಲಿ ಬಳಸುವ ಒಂದು ಪದ್ಧತಿಯಲ್ಲಿ 30 ಅಂಕಿ-ಅಕ್ಷರಗಳಷ್ಟೇ ಇವೆ. ಬಿ, ಐ, ಓ, ಕ್ಯೂ, ಎಸ್, ಝಡ್ ಇವುಗಳನ್ನು ಕೈಬಿಡಲಾಗಿದೆ, ಏಕೆಂದರೆ ಕೈಬರಹದಲ್ಲಿ ಇವು 8, 1, 0, 5, 2ರಂತೆ ಕಾಣುತ್ತವೆ. ಒಂದು ಅಕ್ಷರ ತಪ್ಪಾಗಿ ಒತ್ತಿದರೆ ತಾಳೆಯಾಗದೆ ಅಲ್ಲೇ ತಡೆಯುತ್ತದೆ. ಹಳ್ಳಿಗೆ ಟ್ಯಾಬ್ಲೆಟ್ ಒಯ್ಯುವವರಿಗೆ ಪ್ರತಿ ಟ್ಯಾಬ್ಲೆಟ್‌ಗೂ ಬೇರೆ ಬೇರೆ ಸಂಖ್ಯೆಗಳ ಕಂತೆಯನ್ನು ಮೊದಲೇ ಹಂಚಿಡಿ. ಇಲ್ಲದಿದ್ದರೆ ಆಫ್‌ಲೈನ್‌ನಲ್ಲಿ ಇಬ್ಬರು ಇಬ್ಬರಿಗೆ ಒಂದೇ ಸಂಖ್ಯೆ ಕೊಟ್ಟುಬಿಟ್ಟಿರುತ್ತಾರೆ.

ಎರಡಾಗಿರುವ ಫೈಲ್‌ಗಳನ್ನು ಒಂದು ಮಾಡುವ ಅಧಿಕಾರ ಇಡೀ ಆಸ್ಪತ್ರೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಇರಲಿ. ಒಬ್ಬರಿಗೆ ಎರಡು ಫೈಲ್ ಇರುವುದು ಕೆಟ್ಟದ್ದು. ಇಬ್ಬರು ಒಂದೇ ಫೈಲಿಗೆ ಸೇರಿಬಿಡುವುದು ಅದಕ್ಕಿಂತ ಕೆಟ್ಟದ್ದು, ಬಿಡಿಸುವುದು ಬಹಳ ಕಷ್ಟ. ಒಂದೇ ಫೋನ್ ನಂಬರಿನಲ್ಲಿ ಇಡೀ ಮನೆ ಇರುತ್ತದೆ. ಹಾಗಾಗಿ ನಂಬರ್ ಒಂದೇ ಎಂಬ ಕಾರಣಕ್ಕೆ ಒಂದು ಮಾಡಲೇಬಾರದು.

3. ಸರಿಯಾದ ಫೈಲ್ ತೆರೆದಿದೆಯೇ?

"ನೀವು ಲಕ್ಷ್ಮಿ ಅಲ್ವಾ?" ಎಂದು ಕೇಳಬೇಡಿ. ಕಿವಿ ಮಂದವಿರುವವರು, ಜ್ವರದಲ್ಲಿರುವವರು, ಬಿಳಿ ಕೋಟಿಗೆ ಹೆದರುವವರು ಯಾವ ಹೆಸರಿಗಾದರೂ ತಲೆಯಾಡಿಸುತ್ತಾರೆ. "ನಿಮ್ಮ ಹೆಸರೇನು? ಯಾವ ಊರು? ವಯಸ್ಸೆಷ್ಟು?" ಎಂದು ಕೇಳಿ, ಅವರ ಬಾಯಿಂದ ಬಂದದ್ದನ್ನು ಪರದೆಯ ಜೊತೆ ಹೋಲಿಸಿ. ಕನಿಷ್ಠ ಎರಡು ಗುರುತು ಹೊಂದಬೇಕು. ಹಾಸಿಗೆ ನಂಬರ್ ಗುರುತಲ್ಲ. ಬೆಳಗಾಗುವುದರೊಳಗೆ ಆ ಹಾಸಿಗೆಯಲ್ಲಿ ಬೇರೆಯವರಿರಬಹುದು. ಒಬ್ಬರ ಕೆಲಸ ಮುಗಿದ ತಕ್ಷಣ ಅವರ ಫೈಲ್ ಮುಚ್ಚಿ. ಹಿಂದಿನವರ ಟ್ಯಾಬ್ ತೆರೆದೇ ಇದ್ದು, ಮುಂದಿನವರ ಬಿಪಿ ಅದರಲ್ಲಿ ಬಿದ್ದುಬಿಡುವುದು ಗದ್ದಲದ ಓಪಿಡಿಯಲ್ಲಿ ಬಹಳ ಸುಲಭ.

4. ತೂಕ, ಜ್ವರ, ಬಿಪಿ

ಇಲ್ಲಿ ಒಂದು ಚುಕ್ಕೆಯ ಬೆಲೆ ಎಷ್ಟೆಂದು ನೋಡಿ. ಮಗುವಿನ ತೂಕ 9.2 ಕೆ.ಜಿ. ಒತ್ತುವಾಗ ಚುಕ್ಕೆ ತಪ್ಪಿ 92 ಆಯಿತು. ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ ಲೆಕ್ಕದಲ್ಲಿ ಒಂದು ಸಲಕ್ಕೆ 138 ಮಿ.ಗ್ರಾಂ ಆಗಬೇಕಿತ್ತು, ಪರದೆ 1380 ತೋರಿಸುತ್ತದೆ. 5 ಮಿ.ಲೀ.ಯಲ್ಲಿ 120 ಮಿ.ಗ್ರಾಂ ಇರುವ ಸಿರಪ್ ಆದರೆ 5.75 ಮಿ.ಲೀ. ಬದಲು 57.5 ಮಿ.ಲೀ., ಹೆಚ್ಚುಕಡಿಮೆ ಒಂದು ಬಾಟಲಿ! ಅಷ್ಟು ದೊಡ್ಡ ಸಂಖ್ಯೆ ಕಂಡಾಗ ಯಾರಾದರೂ ತಡೆಯುತ್ತಾರೆ. ಆದರೆ 9.2ರ ಜಾಗದಲ್ಲಿ 19.2 ಬಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ, ಮಗುವಿಗೆ ಎರಡರಷ್ಟು ಔಷಧಿ ಹೋಗುತ್ತದೆ. ಇದಕ್ಕೆ ಮದ್ದು, ತೂಕ ಹಾಕುವ ಕಡೆ ಪಕ್ಕದಲ್ಲೇ ಹಿಂದಿನ ಭೇಟಿಯ ತೂಕ ಮತ್ತು ದಿನಾಂಕ ಕಾಣುವಂತೆ ಮಾಡಿಸುವುದು.

ಅಳತೆಯ ಏಕಮಾನ ಎಲ್ಲ ಕಡೆ ಒಂದೇ ಇರಲಿ. ಥರ್ಮಾಮೀಟರ್ ಫ್ಯಾರನ್‌ಹೀಟ್‌ನಲ್ಲಿ ಓದುತ್ತಿದ್ದರೆ ಫಾರಂ ಕೂಡ ಫ್ಯಾರನ್‌ಹೀಟ್‌ನಲ್ಲಿರಲಿ. ತಲೆಯಲ್ಲಿ ಲೆಕ್ಕ ಹಾಕಿ ಬರೆಯುವ ಪರಿಸ್ಥಿತಿ ಬೇಡ. ಮಕ್ಕಳ ತೋಳಿನ ಸುತ್ತಳತೆಯಲ್ಲೂ ಇದೇ ಎಡವಟ್ಟು: 6ರಿಂದ 59 ತಿಂಗಳ ಮಗುವಿಗೆ 115 ಮಿ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ಒಬ್ಬರು 115 ಎಂದೂ ಇನ್ನೊಬ್ಬರು 11.5 ಎಂದೂ ಬರೆದರೆ ಪಟ್ಟಿಯಿಂದ ಮಗುವೇ ಮಾಯ.

ಬಿಪಿ ವಿಷಯದಲ್ಲಿ ಒಂದು ಸುಲಭದ ಪರೀಕ್ಷೆ ಇದೆ. ಕೈಯಿಂದ ಗಾಳಿ ಹಾಕುವ ಉಪಕರಣದ ಗೆರೆಗಳು 2 ಮಿ.ಮೀ.ಗೆ ಒಂದರಂತೆ ಇರುತ್ತವೆ. ಹಾಗಾಗಿ ಅದರಲ್ಲಿ 127 ಎಂಬ ಬೆಸ ಸಂಖ್ಯೆ ಬರುವಂತಿಲ್ಲ; ಬಂದಿದ್ದರೆ ಅಂದಾಜಿನದು. ಅದೇ ರೀತಿ ಒಂದು ದಿನದ ಮೂವತ್ತು ದಾಖಲೆ ತೆಗೆದು ನೋಡಿದಾಗ ಮುಕ್ಕಾಲು ಪಾಲು 120/80 ಇದ್ದರೆ ತೋಳಿಗೆ ಕಫ್ ಪಟ್ಟಿ ಕಟ್ಟಿಯೇ ಇಲ್ಲ.

ಹೀಗೇಕೆ ಆಗುತ್ತದೆ? ಬಹಳ ಸಲ ತಪ್ಪು ನರ್ಸ್‌ದಲ್ಲ, ಫಾರಂನದು. ಕಡ್ಡಾಯ ಅಂಕಣ ಹೆಚ್ಚಾದಷ್ಟೂ ಸುಳ್ಳು ಹೆಚ್ಚುತ್ತದೆ. ಕೆಮ್ಮು ಎಂದು ಬಂದ ದೊಡ್ಡವರಿಗೆ ಪ್ರತಿ ಸಲ ಎತ್ತರ ಕಡ್ಡಾಯ ಮಾಡಿದರೆ ಊರಿನವರೆಲ್ಲ 150 ಸೆಂ.ಮೀ. ಆಗುತ್ತಾರೆ. ಮಿತಿಗಳೂ ಅಷ್ಟೇ: ಬಿಪಿ 220ಕ್ಕಿಂತ ಮೇಲೆ ಹೋದರೆ ಸ್ವೀಕರಿಸುವುದೇ ಇಲ್ಲ ಎಂದು ಬಿಗಿಹಿಡಿದರೆ, ನಿಜಕ್ಕೂ 240 ಇರುವ ರೋಗಿಯ ಅಂಕಿ 220 ಆಗಿ ಬೀಳುತ್ತದೆ. ಅಸಾಧ್ಯವಾದದ್ದಕ್ಕೆ ಮಾತ್ರ ತಡೆ ಇರಲಿ, ಅಪರೂಪದ್ದಕ್ಕೆ "ಖಚಿತವೇ?" ಎಂಬ ಪ್ರಶ್ನೆ ಸಾಕು.

5. ಅಲರ್ಜಿ: ಖಾಲಿ ಎಂದರೆ "ಇಲ್ಲ" ಅಲ್ಲ

ಅಂಕಣ ಖಾಲಿ ಇದ್ದರೆ ಕೇಳಿಲ್ಲ ಎಂದರ್ಥ. ಕೇಳಿ, ಇಲ್ಲ ಎಂದು ತಿಳಿದಿದ್ದರೆ "ಗೊತ್ತಿರುವ ಅಲರ್ಜಿ ಇಲ್ಲ" ಎಂದೇ ಆರಿಸಿ. ಅಲರ್ಜಿ ಎಂಬ ಪದ ಅರ್ಥವಾಗದವರಿಗೆ "ಯಾವುದಾದರೂ ಮಾತ್ರೆ, ಇಂಜೆಕ್ಷನ್ ತಗೊಂಡಾಗ ಮೈಯೆಲ್ಲ ದದ್ದು, ಮುಖ ಊತ, ಉಸಿರು ಕಟ್ಟಿದ್ದು ಉಂಟಾ?" ಎಂದು ಬಿಡಿಸಿ ಕೇಳಿ. ಏನಾಯಿತು ಎಂಬುದನ್ನೂ ಬರೆಯಿರಿ. ಮಾತ್ರೆ ನುಂಗಿ ಹೊಟ್ಟೆ ತೊಳೆಸಿದ್ದಕ್ಕೂ ಉಸಿರು ಕಟ್ಟಿದ್ದಕ್ಕೂ ಅಜಗಜಾಂತರ.

6. ರೋಗ ನಿರ್ಣಯ

ಪಟ್ಟಿಯಿಂದ ಆರಿಸುವಾಗ ಗೊತ್ತಿರುವಷ್ಟನ್ನೇ ಆರಿಸಿ. ರೋಗಗಳಿಗೆ ಸಂಕೇತ ಕೊಡುವ ಅಂತರರಾಷ್ಟ್ರೀಯ ಪಟ್ಟಿಯಾದ ಐಸಿಡಿ-10ರಲ್ಲಿ ಕಾರಣ ತಿಳಿಯದ ಜ್ವರಕ್ಕೆ ಆರ್50.9 ಎಂಬ ಸಂಕೇತ ಇದೆ, ಟೈಫಾಯ್ಡ್‌ಗೆ ಎ01.0. ಪಟ್ಟಿಯಲ್ಲಿ ಟೈಫಾಯ್ಡ್ ಬೇಗ ಸಿಗುತ್ತದೆ ಎಂದು ಪ್ರತಿ ಜ್ವರಕ್ಕೂ ಅದನ್ನೇ ಒತ್ತಿದರೆ, ತಿಂಗಳ ಕೊನೆಗೆ ಇಲ್ಲದ ಸಾಂಕ್ರಾಮಿಕ ರೋಗ ವರದಿಯಲ್ಲಿ ಹುಟ್ಟಿಕೊಳ್ಳುತ್ತದೆ. "ತಾತ್ಕಾಲಿಕ", "ಖಚಿತ" ಎಂಬ ಆಯ್ಕೆ ಇದ್ದರೆ ತಪ್ಪದೆ ಬಳಸಿ. ಹಿಂದಿನ ಭೇಟಿಯ ಟಿಪ್ಪಣಿಯನ್ನು ಹಾಗೇ ನಕಲು ಮಾಡಿ ಅಂಟಿಸುವ ಅಭ್ಯಾಸ ಬೇಡ. ವಾಸಿಯಾದ ಗಾಯ ಪರದೆಯ ಮೇಲೆ ತಿಂಗಳುಗಟ್ಟಲೆ ಕೀವು ಸುರಿಸುತ್ತಲೇ ಇರುತ್ತದೆ.

7. ಔಷಧಿ ಚೀಟಿ ಮತ್ತು ಲ್ಯಾಬ್

ಕೈಬರಹ ಓದಲಾಗದ ಕಾಟ ಕಂಪ್ಯೂಟರಿನಿಂದ ತಪ್ಪಿತು. ಬದಲಿಗೆ ಪಕ್ಕದ ಸಾಲು ಆರಿಸುವ ಕಾಟ ಬಂತು. ಇಂಗ್ಲಿಷಿನ ಎರಡು ಅಕ್ಷರ ಒತ್ತಿದರೆ ಆಮ್ಲೊಡಿಪಿನ್ ಇರುವ ಪಟ್ಟಿಯಲ್ಲೇ ಅಮಿಲೊರೈಡ್ ಹತ್ತಿರ ಬಂದು ನಿಲ್ಲುತ್ತದೆ; ಮೂರು ಅಕ್ಷರ ಒತ್ತಿದರೂ ಹೈಡ್ರಾಲಜಿನ್, ಹೈಡ್ರಾಕ್ಸಿಜಿನ್ ಹಾಗೆಯೇ. ಕನಿಷ್ಠ ಐದು ಅಕ್ಷರ ಒತ್ತಿದ ಮೇಲೆ ಪಟ್ಟಿ ತೆರೆಯುವಂತೆ ಮಾಡಿಸಿ. ಆಸ್ಪತ್ರೆಯ ಔಷಧಾಲಯದಲ್ಲಿ ಇಲ್ಲದ್ದನ್ನು ಪಟ್ಟಿಯಿಂದ ಮರೆಮಾಡಿ, ಉದ್ದ ಕಡಿಮೆಯಾದರೆ ಕಣ್ತಪ್ಪೂ ಕಡಿಮೆ.

ಸಿರಪ್ ಬರೆಯುವಾಗ ಮಿ.ಗ್ರಾಂ ಮತ್ತು ಮಿ.ಲೀ. ಎರಡೂ ಬರಲಿ, ಸಾಂದ್ರತೆಯೂ ಬರಲಿ. ಮೇಲಿನ 138 ಮಿ.ಗ್ರಾಂ, 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಬಾಟಲಿಯಾದರೆ 2.8 ಮಿ.ಲೀ.ಯಷ್ಟೇ. ಹಿಂದಿನ ತಿಂಗಳ ಬಾಟಲಿ ಬೇರೆ, ಈ ತಿಂಗಳದ್ದು ಬೇರೆ ಆಗಿರಬಹುದು, ಆದ್ದರಿಂದ ಹೊಸ ದಾಸ್ತಾನು ಬಂದ ದಿನವೇ ಫಾರ್ಮಸಿಸ್ಟ್ ಪಟ್ಟಿಯನ್ನು ತಿದ್ದಬೇಕು. ಅರ್ಧ ಎನ್ನುವುದನ್ನು 0.5 ಎಂದು ಸೊನ್ನೆ ಸೇರಿಸಿ ಬರೆಯಿರಿ. ಐದನ್ನು 5.0 ಎಂದು ಬರೆಯಬೇಡಿ. ಚುಕ್ಕೆ ಮಸುಕಾದರೆ ಅದು ಐವತ್ತು. "ದಿನಕ್ಕೆ", "ವಾರಕ್ಕೆ" ಎಂಬ ಆಯ್ಕೆಯ ಮೇಲೆ ಒಂದು ಕಣ್ಣಿಡಿ. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟನ್ನು ದಿನಾ ನುಂಗಿದರೆ ಜೀವಕ್ಕೇ ಅಪಾಯ.

ಎಚ್ಚರಿಕೆಯ ಪೆಟ್ಟಿಗೆಗಳು ಮಾತುಮಾತಿಗೆ ಎದ್ದುಬಂದರೆ ಎಲ್ಲವನ್ನೂ ಓದದೆ ಒತ್ತಿ ಮುಂದೆ ಹೋಗುವುದು ಅಭ್ಯಾಸವಾಗುತ್ತದೆ. ಅಲರ್ಜಿ, ಗರ್ಭಿಣಿಗೆ ನಿಷಿದ್ಧವಾದದ್ದು, ಮಗುವಿನ ತೂಕಕ್ಕೆ ಮೀರಿದ ಪ್ರಮಾಣ: ಮೊದಲಿಗೆ ಈ ಮೂರು ಎಚ್ಚರಿಕೆ ಇದ್ದರೆ ಸಾಕು.

ಲ್ಯಾಬಿನಲ್ಲಿ ಸ್ಯಾಂಪಲ್ ಟ್ಯೂಬಿಗೆ ರೋಗಿಯ ಎದುರೇ ಲೇಬಲ್ ಅಂಟಿಸಿ, ಮೊದಲೇ ಅಂಟಿಸಿಟ್ಟ ಟ್ಯೂಬುಗಳು ಅದಲುಬದಲಾಗುತ್ತವೆ. ಸಕ್ಕರೆ ಪ್ರಮಾಣ ಒಂದು ಯಂತ್ರದಲ್ಲಿ ಮಿಲಿಮೋಲ್, ಇನ್ನೊಂದರಲ್ಲಿ ಮಿಲಿಗ್ರಾಂನಲ್ಲಿ ಬರುತ್ತಿದ್ದರೆ 18ರಿಂದ ಗುಣಿಸುವ ಕೆಲಸವನ್ನು ತಂತ್ರಾಂಶಕ್ಕೇ ಬಿಡಿ. ಅಪಾಯದ ಫಲಿತಾಂಶ ಬಂದಾಗ ಟೈಪ್ ಮಾಡಿದರೆ ಕೆಲಸ ಮುಗಿಯಲಿಲ್ಲ. ವಾರ್ಡಿಗೆ ಫೋನ್ ಮಾಡಿ, ಯಾರಿಗೆ ಎಷ್ಟು ಗಂಟೆಗೆ ಹೇಳಿದಿರಿ ಎಂಬುದನ್ನೂ ಅದೇ ದಾಖಲೆಯಲ್ಲಿ ಸೇರಿಸಿ.

8. ಸಿಸ್ಟಂ ನಿಂತಾಗ

ನಿಲ್ಲುತ್ತದೆ. ಅದಕ್ಕೆ ಒಂದು ಪೆಟ್ಟಿಗೆ ಸಿದ್ಧವಿರಲಿ: ಪರದೆಯ ಅಂಕಣಗಳ ಕ್ರಮದಲ್ಲೇ ಅಚ್ಚಾದ 50 ಫಾರಂ, ಮೊದಲೇ ಮುದ್ರಿಸಿದ ರೋಗಿ ಸಂಖ್ಯೆಯ 100 ಲೇಬಲ್, ಪೆನ್ನು, ಟಾರ್ಚ್. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಕಾಗದಕ್ಕೆ ಇಳಿಯಿರಿ. ಯಾರು ಈ ತೀರ್ಮಾನ ಹೇಳಬೇಕು ಎಂಬುದು ಪ್ರತಿ ಪಾಳಿಯಲ್ಲೂ ಗೊತ್ತಿರಬೇಕು, ಇಲ್ಲದಿದ್ದರೆ ಅರ್ಧ ಜನ ಕಾಗದದಲ್ಲಿ, ಅರ್ಧ ಜನ ಕಾಯುತ್ತಾ ಕೂರುತ್ತಾರೆ.

ಸಿಸ್ಟಂ ಬಂದ ಮೇಲೆ 24 ಗಂಟೆಯೊಳಗೆ ಎಲ್ಲವನ್ನೂ ಏರಿಸಿ. ಮೊದಲು ಹೆರಿಗೆ, ಸಾವು, ರೆಫರ್ ಮಾಡಿದವರು, ಅಲರ್ಜಿ, ಕೊಟ್ಟ ಇಂಜೆಕ್ಷನ್‌ಗಳು. ನೆಗಡಿ ಚೀಟಿಗಳು ಆಮೇಲೆ. ಭೇಟಿಯ ಸಮಯ ಎಂದರೆ ರೋಗಿಯನ್ನು ನೋಡಿದ ಸಮಯ, ಟೈಪ್ ಮಾಡುತ್ತಿರುವ ಸಮಯವಲ್ಲ. ನೋಡಿದವರ ಹೆಸರೂ ಹಾಗೆಯೇ. ಏರಿಸಿದ ಫಾರಂ ಮೇಲೆ ಮೊಹರು ಒತ್ತಿ, ಇಲ್ಲದಿದ್ದರೆ ಒಂದೇ ಫಾರಂ ಎರಡು ಸಲ ಏರುತ್ತದೆ.

9. ಪಾಸ್‌ವರ್ಡ್, ಗುಟ್ಟು

ಹಳ್ಳಿಯಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತಿರುವವರೇ. ಮದುವೆಯಾಗದ ಹುಡುಗಿಯ ಗರ್ಭ ಪರೀಕ್ಷೆ, ಎಚ್‌ಐವಿ ಫಲಿತಾಂಶ ಕೌಂಟರಿನಾಚೆ ನಿಂತವರ ಕಣ್ಣಿಗೆ ಬಿದ್ದರೆ ಸಂಜೆಗೆ ಊರೆಲ್ಲ ಹಬ್ಬಿರುತ್ತದೆ, ಮುಂದೆ ಆಕೆ ಆಸ್ಪತ್ರೆಯ ಕಡೆ ತಲೆಹಾಕುವುದಿಲ್ಲ. ಪರದೆ ಸಾಲಿನ ಕಡೆ ಮುಖ ಮಾಡದಂತೆ ಮೇಜನ್ನು ತಿರುಗಿಸಿ. ಕೌಂಟರಿನವರಿಗೆ ಹೆಸರು, ವಿಳಾಸ ಮಾತ್ರ ಕಾಣಲಿ, ಲ್ಯಾಬ್ ಫಲಿತಾಂಶ ಬೇಡ. ಎದ್ದು ಹೋಗುವಾಗ ವಿಂಡೋಸ್ ಕೀ ಮತ್ತು ಎಲ್ ಒತ್ತಿದರೆ ಪರದೆ ಬೀಗ ಬೀಳುತ್ತದೆ. ಸಲಹೆ ಕೇಳಲೆಂದು ಪರದೆಯ ಫೋಟೋ ತೆಗೆದು ವಾಟ್ಸ್‌ಆಪ್ ಗುಂಪಿಗೆ ಹಾಕುವುದು ಕೂಡದು.

ಒಂದೇ ಪಾಸ್‌ವರ್ಡಿನಲ್ಲಿ ಇಡೀ ವಾರ್ಡ್ ಕೆಲಸ ಮಾಡಿದರೆ ಇಂಜೆಕ್ಷನ್ ಕೊಟ್ಟವರು ಯಾರೆಂದು ತಿಳಿಯುವುದಿಲ್ಲ, ರಜೆಯಲ್ಲಿದ್ದವರ ಹೆಸರಿಗೆ ತಪ್ಪು ಅಂಟಿಕೊಳ್ಳುತ್ತದೆ. ಪಾಳಿಗೆ ಹತ್ತು ಸಲ ಲಾಗಿನ್ ಆಗುವುದು ಕಷ್ಟವೆಂಬುದು ನಿಜ. ಅದಕ್ಕೆ ಚಿಕ್ಕ ಪಿನ್ ಅಥವಾ ಬೆರಳಚ್ಚು ಕೇಳಿ ಪಡೆಯಿರಿ, ಪಾಸ್‌ವರ್ಡ್ ಹಂಚಿಕೊಳ್ಳಬೇಡಿ. ತಪ್ಪು ಬರೆದಿದ್ದರೆ ಅಳಿಸಬೇಡಿ. ತಿದ್ದುಪಡಿ ಸೇರಿಸಿ, ಕಾರಣ ಬರೆಯಿರಿ.

10. ಬ್ಯಾಕಪ್

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಆಸ್ಪತ್ರೆಯ ಹೊರಗೆ. ಸರ್ವರಿನಲ್ಲಿ ಒಂದು, ರಾತ್ರಿ ತಾನಾಗಿ ಹೊರಗಿನ ಡಿಸ್ಕಿಗೆ ಒಂದು, ಇಂಟರ್ನೆಟ್ ಸಿಕ್ಕಾಗ ದೂರದ ಸರ್ವರಿಗೆ ಒಂದು. ಇಂಟರ್ನೆಟ್ಟೇ ಇಲ್ಲದಿದ್ದರೆ ಎರಡು ಡಿಸ್ಕ್ ಇಟ್ಟುಕೊಂಡು ವಾರಕ್ಕೊಂದನ್ನು ಬದಲಿಸಿ, ಬಿಚ್ಚಿದ್ದನ್ನು ಬೇರೆ ಕಟ್ಟಡದಲ್ಲಿ ಬೀಗ ಹಾಕಿಡಿ. ಸದಾ ಸಿಕ್ಕಿಸಿಯೇ ಇರುವ ಡಿಸ್ಕನ್ನು, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಕೂಡ ಸದಾ ತಲುಪಬಲ್ಲದು. ಡಿಸ್ಕ್ ಕಳೆದರೂ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿ, ಅದರ ಕೀಲಿಪದ ಇಬ್ಬರಿಗೆ ಗೊತ್ತಿರಲಿ.

ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಲೇಬೇಕು. ಒಟ್ಟು ರೋಗಿಗಳ ಸಂಖ್ಯೆ ಸರ್ವರಿನದಕ್ಕೆ ಹೊಂದುತ್ತದೆಯೇ, ನಿನ್ನೆ ಬಂದವರ ಒಂದು ಫೈಲ್ ಪೂರ್ತಿ ತೆರೆಯುತ್ತದೆಯೇ ಎಂದು ಪರೀಕ್ಷಿಸಿ. ಡಿಸ್ಕ್ ತುಂಬಿಹೋಗಿ ತಿಂಗಳುಗಟ್ಟಲೆ ಖಾಲಿ ಫೈಲುಗಳೇ ಉಳಿದಿರುವುದು ಹೀಗೆ ತೆರೆದಾಗಲೇ ತಿಳಿಯುವುದು.

11. ಎರಡೆರಡು ಕಡೆ ಬರೆಯುವುದನ್ನು ನಿಲ್ಲಿಸುವ ದಿನ

ರಿಜಿಸ್ಟರಿನಲ್ಲೂ ಬರೆ, ಕಂಪ್ಯೂಟರಿನಲ್ಲೂ ಬರೆ ಎಂದರೆ ಸೋಲುವುದು ಕಂಪ್ಯೂಟರೇ. ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ: ಮೊದಲು ನೋಂದಣಿ, ಅದು ಹದಕ್ಕೆ ಬಂದ ಮೇಲೆ ತೂಕ-ಬಿಪಿ, ಆಮೇಲೆ ಲ್ಯಾಬ್, ಕೊನೆಗೆ ಔಷಧಿ. ಒಂದೊಂದಕ್ಕೂ ನಾಲ್ಕು ವಾರ ಎರಡೂ ಕಡೆ ಬರೆಯಲಿ. ಆ ಅವಧಿಯಲ್ಲಿ ವಾರಕ್ಕೆ ಹತ್ತು ಫೈಲ್ ಆರಿಸಿ ಕಾಗದದ ಜೊತೆ ತಾಳೆ ನೋಡಿ. ಹತ್ತರಲ್ಲೂ ಒಂದೇ ಅಂಕಣ ತಪ್ಪಿದ್ದರೆ ಫಾರಂ ತಿದ್ದಿಸಿ. ಒಬ್ಬರದೇ ತಪ್ಪು ಮರುಕಳಿಸುತ್ತಿದ್ದರೆ ಅವರ ಪಕ್ಕದಲ್ಲಿ ಅರ್ಧ ದಿನ ಕೂತು ತೋರಿಸಿಕೊಡಿ, ಸಭೆಯಲ್ಲಿ ಹೆಸರು ಹಿಡಿದು ಹೇಳಬೇಡಿ.

ನಾಲ್ಕನೇ ವಾರ ತಾಳೆ ಸರಿಬಂದರೆ, ಕಾನೂನು ಕಾಗದದಲ್ಲೇ ಕೇಳುವ ರಿಜಿಸ್ಟರುಗಳನ್ನೂ ಸಹಿಯಿರುವ ಒಪ್ಪಿಗೆ ಪತ್ರಗಳನ್ನೂ ಬಿಟ್ಟು ಉಳಿದದ್ದನ್ನು ಮುಚ್ಚಿ. ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, "ಇಲ್ಲಿಂದ ಮುಂದಿನದು ಕಂಪ್ಯೂಟರಿನಲ್ಲಿದೆ" ಎಂದು ಬರೆದು, ದಿನಾಂಕ ಹಾಕಿ, ವೈದ್ಯಾಧಿಕಾರಿಯ ಸಹಿ ಪಡೆದು ಬೀರುವಿನಲ್ಲಿಡಿ.